ಅಂತರ-ಸಾಂಸ್ಕೃತಿಕ ಸಂವಹನ: ಶಿಕ್ಷಣ ಮತ್ತು ಉದ್ಯೋಗಾವಕಾಶಗಳು

ಪೀಠಿಕೆ

ಬೇರೆ ಬೇರೆ ಭಾಷೆ, ಆಚಾರ ಮತ್ತು ಜೀವನಕ್ರಮಗಳಲ್ಲಿ ಬೆಳೆದ ಜನರು ಪರಸ್ಪರ ಮಾತನಾಡುವಾಗ, ವ್ಯವಹರಿಸುವಾಗ ಹಾಗೂ ಒಂದೇ ಕಾರ್ಯಸ್ಥಳದಲ್ಲಿ ದುಡಿಯುವಾಗ ಅರ್ಥವು ಹೇಗೆ ತಲುಪುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಅಧ್ಯಯನ ಮಾಡುವ ಶಾಸ್ತ್ರವೇ ಅಂತರ-ಸಾಂಸ್ಕೃತಿಕ ಸಂವಹನ. ಭಾಷಾಂತರ, ದುಭಾಷಿ ವೃತ್ತಿ, ಭಾಷಾ ಬೋಧನೆ, ಪ್ರವಾಸೋದ್ಯಮ, ರಾಜತಾಂತ್ರಿಕ ಸೇವೆ, ಆರೋಗ್ಯ ಸೇವೆ ಮತ್ತು ಬಹುರಾಷ್ಟ್ರೀಯ ಉದ್ಯಮಗಳಲ್ಲಿ ಈ ಜ್ಞಾನಕ್ಕೆ ನೇರವಾದ ಉಪಯೋಗವಿದೆ. ಪದವಿಪೂರ್ವ ಹಾಗೂ ಪದವಿ ಶಿಕ್ಷಣ ಪೂರೈಸಿದ ಅಭ್ಯರ್ಥಿಗಳಿಗೆ ಈ ಕ್ಷೇತ್ರದ ವ್ಯಾಸಂಗ ಮತ್ತು ಉದ್ಯೋಗದ ಮಾರ್ಗಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ವಿಷಯದ ಸ್ವರೂಪ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ಅಧಿಕಾರಿಗಳಿಗೆ ತರಬೇತಿ ನೀಡುತ್ತಿದ್ದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಅವರು ಈ ಶಾಸ್ತ್ರದ ಪ್ರವರ್ತಕರೆಂದು ಪರಿಗಣಿತರಾಗಿದ್ದಾರೆ. 1959ರಲ್ಲಿ ಪ್ರಕಟವಾದ 'ದಿ ಸೈಲೆಂಟ್ ಲ್ಯಾಂಗ್ವೇಜ್' ಎಂಬ ಕೃತಿಯಲ್ಲಿ ಅವರು, ಕಾಲ, ಅಂತರ ಮತ್ತು ಮೌನಗಳೂ ಮಾತಿನಂತೆಯೇ ಅರ್ಥವನ್ನು ಹೊರುತ್ತವೆ ಎಂಬುದನ್ನು ವಿವರಿಸಿದರು. ನೆದರ್ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್ ಅವರು 1967 ಮತ್ತು 1973ರ ನಡುವೆ ಐಬಿಎಂ ಸಂಸ್ಥೆಯ ನೌಕರರಿಂದ ಪಡೆದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಆಧರಿಸಿ 1980ರಲ್ಲಿ ತಮ್ಮ ಸಿದ್ಧಾಂತವನ್ನು ಮಂಡಿಸಿದರು. ಅಧಿಕಾರದ ಅಂತರ, ವ್ಯಕ್ತಿ-ಸಮುದಾಯಗಳ ಸಂಬಂಧ ಮುಂತಾದ ಅಳತೆಗೋಲುಗಳು ಇಂದಿಗೂ ನಿರ್ವಹಣಾಶಾಸ್ತ್ರದ ಪಠ್ಯಗಳಲ್ಲಿವೆ. ಆದರೆ ಒಂದು ದೇಶದ ಸರಾಸರಿಯು ಆ ದೇಶದ ಪ್ರತಿಯೊಬ್ಬ ವ್ಯಕ್ತಿಯ ಸ್ವಭಾವವನ್ನು ಹೇಳಲಾರದು ಎಂಬ ಆಕ್ಷೇಪವನ್ನೂ ವಿದ್ಯಾರ್ಥಿಗಳು ಗಮನದಲ್ಲಿ ಇರಿಸಿಕೊಳ್ಳಬೇಕು.

ಈ ಶಾಸ್ತ್ರದ ಅಗತ್ಯವು ಕನ್ನಡದ ದಿನಬಳಕೆಯಿಂದಲೇ ಸ್ಪಷ್ಟವಾಗುತ್ತದೆ. ವ್ಯವಹಾರದ ಮಾತುಕತೆಯ ಕೊನೆಯಲ್ಲಿ "ನೋಡೋಣ" ಎಂದರೆ ಕನ್ನಡಿಗರಿಗೆ ಅದು ಬಹುಪಾಲು ಸೌಜನ್ಯದ ನಿರಾಕರಣೆ. ಅದನ್ನು ಪದಶಃ ಅನುವಾದಿಸಿದಲ್ಲಿ ಪರಭಾಷಿಕರು ಒಪ್ಪಿಗೆಯ ಸೂಚನೆಯೆಂದೇ ಭಾವಿಸಬಹುದು. "ಊಟ ಆಯಿತೇ?" ಎಂಬುದು ಕುಶಲಪ್ರಶ್ನೆಯೇ ಹೊರತು ಆಹ್ವಾನವಲ್ಲ. ಕನ್ನಡ ನಾಡಿನೊಳಗೇ ಉತ್ತರ ಕರ್ನಾಟಕದಲ್ಲಿ ಗೌರವಸೂಚಕವಾದ "ರೀ" ಎಂಬ ಸಂಬೋಧನೆಯು ಹಳೆಯ ಮೈಸೂರು ಪ್ರಾಂತ್ಯದ ಕೆಲವರ ಕಿವಿಗೆ ಗಡುಸಾಗಿ ಕೇಳಿಸುವುದುಂಟು. ಅಂದರೆ, ಸಾಂಸ್ಕೃತಿಕ ಅಂತರವು ವಿದೇಶ ಪ್ರಯಾಣದಿಂದಲೇ ಆರಂಭವಾಗುವುದಿಲ್ಲ. ಜಿಲ್ಲೆಯ ಗಡಿ ದಾಟಿದಾಗಲೂ ಅದು ಎದುರಾಗುತ್ತದೆ.

ಕರ್ನಾಟಕದಲ್ಲಿ ಹಿನ್ನೆಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನರು ಮಾತನಾಡುವ ಭಾಷೆಗಳ ಸಂಖ್ಯೆ 121. ಇವುಗಳಲ್ಲಿ 22 ಭಾಷೆಗಳು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿವೆ. ಕರ್ನಾಟಕದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷಿಕರು ಸುಮಾರು ಮೂರನೆಯ ಎರಡು ಭಾಗದಷ್ಟಿದ್ದು, ಉಳಿದವರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳಂ, ಕೊಡವ ಮತ್ತಿತರ ಭಾಷಿಕರು ಸೇರಿದ್ದಾರೆ. ಬೈಲುಕುಪ್ಪೆ ಮತ್ತು ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟನ್ನರ ವಸತಿಗಳಿವೆ.

ಭಾಷೆಗಳ ನಡುವಣ ಕಾಯಕಕ್ಕೆ ಈ ನಾಡಿನಲ್ಲಿ ಹಳೆಯ ಪರಂಪರೆಯಿದೆ. ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಇದು ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಪರಭಾಷೆಯೊಂದನ್ನು ಅದರ ಜನರ ನಡುವೆಯೇ ಇದ್ದು ದೀರ್ಘಕಾಲ ಕಲಿತುದರ ಫಲ ಈ ಕಾರ್ಯಗಳು.

ಶಿಕ್ಷಣಾವಕಾಶಗಳು

ಭಾರತದಲ್ಲಿ ಅಂತರ-ಸಾಂಸ್ಕೃತಿಕ ಸಂವಹನವು ಸ್ವತಂತ್ರ ಪದವಿಯಾಗಿ ದೊರೆಯುವುದು ವಿರಳ. ಸಾಮಾನ್ಯವಾಗಿ ಭಾಷಾವಿಜ್ಞಾನ, ಸಂವಹನ ಮತ್ತು ಪತ್ರಿಕೋದ್ಯಮ, ಇಂಗ್ಲಿಷ್, ಭಾಷಾಂತರ ಅಧ್ಯಯನ, ಮಾನವಶಾಸ್ತ್ರ ಹಾಗೂ ವ್ಯವಹಾರ ನಿರ್ವಹಣೆಯ ಪದವಿಗಳಲ್ಲಿ ಇದು ಒಂದು ಪತ್ರಿಕೆಯಾಗಿರುತ್ತದೆ. ಆದುದರಿಂದ ಅಭ್ಯರ್ಥಿಗಳು ಪದವಿಯ ಹೆಸರನ್ನು ಮಾತ್ರ ನೋಡದೆ ಪಠ್ಯಕ್ರಮವನ್ನು ಪರಿಶೀಲಿಸುವುದು ಅವಶ್ಯ.

1. ಭಾರತೀಯ ಭಾಷೆಗಳು: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 1969ರಲ್ಲಿ ಸ್ಥಾಪನೆಯಾಯಿತು. ಮೈಸೂರಿನಲ್ಲಿರುವ ಇದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ದಕ್ಷಿಣದ ಭಾಷೆಗಳನ್ನು ಇತರ ಭಾಷಿಕರಿಗೆ ಕಲಿಸಲಾಗುತ್ತದೆ. ಪುಣೆ, ಭುವನೇಶ್ವರ, ಪಟಿಯಾಲ, ಗುವಾಹಟಿ ಮುಂತಾದೆಡೆಗಳಲ್ಲಿಯೂ ಇಂತಹ ಕೇಂದ್ರಗಳಿವೆ. ಸೇವೆಯಲ್ಲಿರುವ ಶಿಕ್ಷಕರು ಹತ್ತು ತಿಂಗಳ ಅವಧಿಯಲ್ಲಿ ಮತ್ತೊಂದು ಭಾರತೀಯ ಭಾಷೆಯನ್ನು ಕಲಿಯುವ ವ್ಯವಸ್ಥೆಯು ಈ ಕೇಂದ್ರಗಳ ಮುಖ್ಯ ಕಾರ್ಯಕ್ರಮ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಅನುವಾದ ಮಿಷನ್ ಸಹ ಇದೇ ಸಂಸ್ಥಾನದಿಂದ ನಿರ್ವಹಿಸಲ್ಪಡುತ್ತಿದ್ದು, ಜ್ಞಾನ ಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರುವುದು ಅದರ ಗುರಿ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷೆ, ಭಾಷಾಂತರ, ಜಾನಪದ ಮತ್ತು ಬುಡಕಟ್ಟು ಅಧ್ಯಯನಗಳಲ್ಲಿ ಸಂಶೋಧನೆಗೆ ಅವಕಾಶವಿದೆ.

2. ವಿದೇಶೀ ಭಾಷೆಗಳು: ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವು 1958ರಲ್ಲಿ ಸಂಸ್ಥೆಯಾಗಿ ಆರಂಭವಾಗಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಲಖನೌ ಮತ್ತು ಶಿಲ್ಲಾಂಗ್‌ಗಳಲ್ಲಿ ಇದರ ಆವರಣಗಳಿವೆ. ನವದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಪಾನಿ, ಚೀನೀ, ಕೊರಿಯನ್, ಅರಬ್ಬಿ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲಿ ಪದವಿ ವ್ಯಾಸಂಗವಿದೆ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ (ಜರ್ಮನ್) ಮತ್ತು ಆಲಿಯಾನ್ಸ್ ಫ್ರಾಂಸೇಸ್ (ಫ್ರೆಂಚ್) ಸಂಸ್ಥೆಗಳಲ್ಲಿ ಪದವಿಯ ಜೊತೆಜೊತೆಗೇ ಭಾಷೆಯನ್ನು ಕಲಿಯಬಹುದು. ಯುರೋಪಿನ ಭಾಷೆಗಳ ಪ್ರಾವೀಣ್ಯವನ್ನು 2001ರಲ್ಲಿ ಪ್ರಕಟವಾದ ಸಮಾನ ಮಾನದಂಡದ ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿಯೂ, ಜಪಾನಿ ಭಾಷೆಯ ಪ್ರಾವೀಣ್ಯವನ್ನು ಎನ್5ರಿಂದ ಎನ್1ರವರೆಗಿನ ಐದು ಹಂತಗಳಲ್ಲಿಯೂ ಅಳೆಯಲಾಗುತ್ತದೆ. ಜಪಾನಿ ಭಾಷೆಯಲ್ಲಿ ಎನ್1 ಅತ್ಯುನ್ನತ ಹಂತ.

3. ಭಾರತೀಯ ಸನ್ನೆ ಭಾಷೆ: ಶ್ರವಣದೋಷವುಳ್ಳವರ ಸಮುದಾಯಕ್ಕೂ ತನ್ನದೇ ಭಾಷೆ ಮತ್ತು ಸಂಸ್ಕೃತಿ ಇದೆ. 2015ರಲ್ಲಿ ನವದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಸನ್ನೆ ಭಾಷಾ ದುಭಾಷಿತ್ವದಲ್ಲಿ ಎರಡು ವರ್ಷಗಳ ಡಿಪ್ಲೊಮಾ ವ್ಯಾಸಂಗವಿದ್ದು, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಹೊಂದಿದ ಸಂಸ್ಥೆಗಳಲ್ಲಿ ಮಾತ್ರ ಇದಕ್ಕೆ ಪ್ರವೇಶ ಪಡೆಯತಕ್ಕದ್ದು. ಸನ್ನೆ ಭಾಷಾ ಬೋಧನೆಯ ಡಿಪ್ಲೊಮಾ ಶ್ರವಣದೋಷವುಳ್ಳ ಅಭ್ಯರ್ಥಿಗಳಿಗೇ ಮೀಸಲಾಗಿದೆ.

4. ವಿದೇಶ ವ್ಯಾಸಂಗ: ಜರ್ಮನಿಯ ಯೇನಾ ಮತ್ತು ಫಿನ್ಲೆಂಡಿನ ಯೂವಾಸ್ಕ್ಯುಲಾ ವಿಶ್ವವಿದ್ಯಾಲಯಗಳು ಈ ವಿಷಯದ ಬೋಧನೆ ಮತ್ತು ಸಂಶೋಧನೆಗೆ ಹೆಸರಾಗಿವೆ. ಬೋಧನಾ ಮಾಧ್ಯಮ, ಶುಲ್ಕ ಮತ್ತು ಭಾಷಾ ಪ್ರಾವೀಣ್ಯದ ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಭಿನ್ನವಾಗಿರುತ್ತವೆ. ವಿದ್ಯಾರ್ಥಿವೇತನಕ್ಕೆ ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ ಮತ್ತು ಫುಲ್‌ಬ್ರೈಟ್ ಕಾರ್ಯಕ್ರಮಗಳ ಪ್ರಕಟಣೆಗಳನ್ನು ಆಯಾ ವರ್ಷ ಗಮನಿಸಬೇಕು.

ಉದ್ಯೋಗಾವಕಾಶಗಳು

1. ಸರ್ಕಾರಿ ಭಾಷಾಂತರ: ಶಾಸನಗಳು ಮತ್ತು ಆಡಳಿತ ಸಾಹಿತ್ಯದ ಅನುವಾದಕ್ಕಾಗಿ ರಾಜ್ಯದಲ್ಲಿ ಭಾಷಾಂತರ ನಿರ್ದೇಶನಾಲಯವಿದೆ. ಉಚ್ಚ ನ್ಯಾಯಾಲಯ ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಭಾಷಾಂತರಕಾರರ ಹುದ್ದೆಗಳಿವೆ. ಲೋಕಸಭೆ ಮತ್ತು ರಾಜ್ಯಸಭೆಗಳ ಸಚಿವಾಲಯಗಳು ಸದನದ ಕಲಾಪಕ್ಕೆ ತತ್‌ಕ್ಷಣದ ದುಭಾಷಿಗಳನ್ನು ನೇಮಿಸಿಕೊಳ್ಳುತ್ತವೆ.

2. ನ್ಯಾಯಾಲಯ ದುಭಾಷಿ: ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ದಾಖಲಾದಾಗ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ದುಭಾಷಿಯು ಸತ್ಯವಾಗಿ ಅನುವಾದಿಸಲು ಬದ್ಧನಾಗಿರಬೇಕು ಎಂಬುದು ದಂಡ ಪ್ರಕ್ರಿಯೆಯ ಕಾನೂನಿನ ನಿಯಮ. ಒಂದು ಕ್ರಿಯಾಪದದ ಕಾಲ ತಪ್ಪಿದರೂ ವ್ಯಕ್ತಿಯೊಬ್ಬನ ಸ್ವಾತಂತ್ರ್ಯಕ್ಕೆ ಧಕ್ಕೆ ಬರಬಹುದಾದ ಕೆಲಸ ಇದಾಗಿದೆ. ಸಾಕ್ಷಿಯ ಮಾತನ್ನು ತಿದ್ದದೆ, ಅಲಂಕರಿಸದೆ, ಕಿರಿದುಗೊಳಿಸದೆ ದಾಟಿಸುವ ಶಿಸ್ತು ಅತ್ಯಗತ್ಯ.

3. ಆರೋಗ್ಯ ಮತ್ತು ಸಮಾಜಸೇವೆ: ಆಸ್ಪತ್ರೆಗೆ ಬಂದ ವಲಸೆ ಕಾರ್ಮಿಕರ ಪರವಾಗಿ ಅವರ ಶಾಲೆಗೆ ಹೋಗುವ ಮಕ್ಕಳೇ ಮಾತನಾಡುವ ಪರಿಸ್ಥಿತಿ ಸಾಮಾನ್ಯ. ಸ್ತ್ರೀರೋಗ, ಮಾನಸಿಕ ವ್ಯಥೆ ಅಥವಾ ಕೌಟುಂಬಿಕ ಹಿಂಸೆಯ ವಿಚಾರವನ್ನು ಮಗುವಿನ ಮೂಲಕ ಹೇಳಿಸಲಾಗದು. ಶಸ್ತ್ರಚಿಕಿತ್ಸೆಗೆ ಪಡೆಯುವ ಸಮ್ಮತಿಯು ರೋಗಿಗೆ ವಿಷಯ ಅರ್ಥವಾದಾಗ ಮಾತ್ರ ಸಮ್ಮತಿ ಎನಿಸುತ್ತದೆ. ಸಮಾಜಕಾರ್ಯ ಪದವೀಧರರು ಮತ್ತು ಶುಶ್ರೂಷಕರು ಹಿಂದಿ, ಒಡಿಯಾ, ಬಂಗಾಳಿಯಂತಹ ಇನ್ನೊಂದು ಭಾಷೆಯನ್ನು ಕಲಿತಲ್ಲಿ ಅವರ ಸೇವೆಯ ಮೌಲ್ಯ ಬಹುಪಟ್ಟು ಹೆಚ್ಚುತ್ತದೆ.

4. ಶಿಕ್ಷಣ: ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸುವಂತೆ ಸಂವಿಧಾನದ 350ಎ ಅನುಚ್ಛೇದವು ಸೂಚಿಸುತ್ತದೆ. ದ್ವಿಭಾಷಾ ಶಿಕ್ಷಕರ ಅಗತ್ಯ ಇಲ್ಲಿಂದಲೇ ಉಂಟಾಗುತ್ತದೆ. ಕನ್ನಡೇತರರಿಗೆ ಕನ್ನಡ ಕಲಿಸುವುದೂ ಬೆಳೆಯುತ್ತಿರುವ ವೃತ್ತಿ. ಈ ಬೋಧನೆಗೆ, ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಕಲಿಸುವುದಕ್ಕಿಂತ ಭಿನ್ನವಾದ ಕ್ರಮ ಬೇಕಾಗುತ್ತದೆ.

5. ಪ್ರವಾಸೋದ್ಯಮ: ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮ ಘಟ್ಟಗಳು (2012) ಮತ್ತು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು (2023) ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿವೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಥವಾ ಜಪಾನಿ ಬಲ್ಲ ಮಾರ್ಗದರ್ಶಿಗಳು ಇಂತಹ ತಾಣಗಳಲ್ಲಿ ಕಡಿಮೆ. ಮಾರ್ಗದರ್ಶಿಯು ಶಿಲ್ಪದ ವಿವರದ ಜೊತೆಗೆ, ಪೂಜೆ ನಡೆಯುವ ಸ್ಥಳದಲ್ಲಿ ಪಾಲಿಸಬೇಕಾದ ಮರ್ಯಾದೆಯನ್ನು ಅತಿಥಿಯ ಮನಸ್ಸು ನೋಯದಂತೆ ತಿಳಿಸಬಲ್ಲವರಾಗಿರಬೇಕು.

6. ಉದ್ಯಮ: ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಮತ್ತು ಬಿಡದಿ ಮೊದಲಾದ ಕೈಗಾರಿಕಾ ಪ್ರದೇಶಗಳ ಜಪಾನಿ ಸಹಭಾಗಿತ್ವದ ಕಾರ್ಖಾನೆಗಳಲ್ಲಿ ತಾಂತ್ರಿಕ ಅನುವಾದಕರು, ಕಾರ್ಯಸ್ಥಳ ದುಭಾಷಿಗಳು ಹಾಗೂ ತರಬೇತುದಾರರಿಗೆ ಅವಕಾಶವಿದೆ. ಭಾಷೆಯೊಂದಿಗೆ ಎಂಜಿನಿಯರಿಂಗ್, ಲೆಕ್ಕಪತ್ರ ಅಥವಾ ಕಾನೂನಿನ ಜ್ಞಾನವೂ ಇರುವವರಿಗೆ ಆದ್ಯತೆ ದೊರೆಯುತ್ತದೆ.

7. ವಿದೇಶಾಂಗ ಸೇವೆ: ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ತರಬೇತಿಯ ಭಾಗವಾಗಿ ಒಂದು ವಿದೇಶೀ ಭಾಷೆಯನ್ನು ನಿಗದಿಪಡಿಸಲಾಗುತ್ತದೆ. 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ವಿದೇಶಗಳಲ್ಲಿ ಸಾಂಸ್ಕೃತಿಕ ಕೇಂದ್ರಗಳನ್ನು ನಡೆಸುತ್ತಿದೆ.

ಯಂತ್ರಾನುವಾದ ಮತ್ತು ಈ ವೃತ್ತಿಯ ಭವಿಷ್ಯ

ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ 'ಸುವಾಸ್' ಎಂಬ ಅನುವಾದ ತಂತ್ರಾಂಶವನ್ನೂ, ಕೇಂದ್ರ ಸರ್ಕಾರವು 2022ರಲ್ಲಿ 'ಭಾಷಿಣಿ' ವೇದಿಕೆಯನ್ನೂ ಬಳಕೆಗೆ ತಂದವು. ಸಾಮಾನ್ಯ ಪತ್ರಗಳ ಮತ್ತು ಸೂಚನಾ ಪುಸ್ತಕಗಳ ಅನುವಾದದ ಬಹುಭಾಗವನ್ನು ಈಗ ಯಂತ್ರವೇ ಮಾಡುತ್ತಿದೆ. ಪದಕ್ಕೆ ಪದ ಇಡುವುದಷ್ಟೇ ಬಲ್ಲವರಿಗೆ ಮುಂದೆ ಅವಕಾಶಗಳು ಕುಗ್ಗಲಿವೆ ಎಂಬುದನ್ನು ಅಭ್ಯರ್ಥಿಗಳು ಮರೆಯಬಾರದು. ಯಂತ್ರದ ಕರಡನ್ನು ಪರಿಶೀಲಿಸಿ ಹೊಣೆ ಹೊರುವವರು, ಮಾತಿನ ಹಿಂದಿನ ಸಂಕೋಚ, ವ್ಯಂಗ್ಯ ಹಾಗೂ ಮೌನವನ್ನು ಅರಿಯುವವರು, ವಿವಾದದ ಎರಡೂ ಪಕ್ಷಗಳ ವಿಶ್ವಾಸ ಗಳಿಸುವವರು ಮಾತ್ರ ಈ ವೃತ್ತಿಯಲ್ಲಿ ನೆಲೆ ನಿಲ್ಲುತ್ತಾರೆ.

ವಿದೇಶ ಉದ್ಯೋಗ: ಮುನ್ನೆಚ್ಚರಿಕೆ

ಭಾರತವು 2021ರ ಜನವರಿಯಲ್ಲಿ ಜಪಾನಿನೊಂದಿಗೆ ನಿರ್ದಿಷ್ಟ ಕೌಶಲ್ಯವುಳ್ಳ ಕೆಲಸಗಾರರ ಕುರಿತು, 2022ರ ಡಿಸೆಂಬರಿನಲ್ಲಿ ಜರ್ಮನಿಯೊಂದಿಗೆ ವಲಸೆ ಮತ್ತು ಸಂಚಾರದ ಕುರಿತು ಒಪ್ಪಂದ ಮಾಡಿಕೊಂಡಿದೆ. ಇದರಿಂದ ಶುಶ್ರೂಷೆ, ವೃದ್ಧರ ಆರೈಕೆ ಮೊದಲಾದ ಕೆಲಸಗಳಿಗೆ ಭಾಷೆ ಕಲಿಯುವವರ ಸಂಖ್ಯೆ ಹೆಚ್ಚಿದೆ. ಮೋಸದ ಸಾಧ್ಯತೆಯೂ ಅದರೊಂದಿಗೆ ಹೆಚ್ಚಿದೆ. ಅಭ್ಯರ್ಥಿಗಳು ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

ಅ) ನೇಮಕಾತಿ ಏಜೆಂಟರು 1983ರ ವಲಸೆ ಅಧಿನಿಯಮದಡಿ ನೋಂದಾಯಿತರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸುವುದು.

ಆ) ಉದ್ಯೋಗದ ಕರಾರು ಅಭ್ಯರ್ಥಿಗೆ ತಿಳಿಯುವ ಭಾಷೆಯಲ್ಲಿ ಸಂಪೂರ್ಣವಾಗಿ ಅರ್ಥವಾದ ನಂತರವೇ ಸಹಿ ಮಾಡುವುದು. ಸಂಬಳ, ದುಡಿಮೆಯ ಅವಧಿ, ರಜೆ, ವಸತಿ ಮತ್ತು ಹಿಂದಿರುಗುವ ಪ್ರಯಾಣದ ಷರತ್ತುಗಳು ಲಿಖಿತವಾಗಿರಬೇಕು.

ಇ) ಪ್ರವಾಸಿ ವೀಸಾದಲ್ಲಿ ಉದ್ಯೋಗಕ್ಕೆ ತೆರಳಬಾರದು. ಪಾಸ್‌ಪೋರ್ಟ್ ಮತ್ತು ಕರಾರಿನ ಪ್ರತಿಗಳನ್ನು ಮನೆಯವರ ಬಳಿ ಇರಿಸುವುದು.

ಈ) ಭಾಷಾ ತರಬೇತಿ ಸಂಸ್ಥೆಯು ನೀಡುವ ಪ್ರಮಾಣಪತ್ರಕ್ಕೂ ಅಧಿಕೃತ ಪರೀಕ್ಷೆಯ ಪ್ರಮಾಣಪತ್ರಕ್ಕೂ ವ್ಯತ್ಯಾಸವಿದೆ. ಶುಲ್ಕ ಪಾವತಿಸುವ ಮುನ್ನ ಉದ್ಯೋಗದಾತರು ಯಾವುದನ್ನು ಮಾನ್ಯ ಮಾಡುತ್ತಾರೆಂಬುದನ್ನು ತಿಳಿಯುವುದು.

ಅಭ್ಯರ್ಥಿಗಳಿಗೆ ಸಲಹೆಗಳು

ಮೊದಲನೆಯದಾಗಿ, ಮಾತೃಭಾಷೆಯ ಮೇಲಿನ ಹಿಡಿತ ಈ ಕ್ಷೇತ್ರದ ಬುನಾದಿ. ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಲಾರದವರು ಯಾವ ಭಾಷೆಯಿಂದಲೂ ಕನ್ನಡಕ್ಕೆ ತರಲಾರರು. ಎರಡನೆಯದಾಗಿ, ಅನೇಕ ಭಾಷೆಗಳ ಅಲ್ಪ ಪರಿಚಯಕ್ಕಿಂತ ಒಂದು ಭಾಷೆಯ ಗಾಢ ಪರಿಚಯ ಹೆಚ್ಚು ಫಲ ನೀಡುತ್ತದೆ. ವೃತ್ತಿಪರ ಬಳಕೆಗೆ ಬೇಕಾದ ಹಂತ ತಲುಪಲು ಹಲವು ವರ್ಷಗಳ ಅಭ್ಯಾಸ ಬೇಕಾಗುತ್ತದೆ. ಮೂರು ತಿಂಗಳಲ್ಲಿ ಪ್ರಾವೀಣ್ಯ ನೀಡುವುದಾಗಿ ಹೇಳುವ ಜಾಹೀರಾತುಗಳನ್ನು ನಂಬಬಾರದು. ಮೂರನೆಯದಾಗಿ, ನೆರೆಯ ಭಾಷೆಗಳನ್ನು ಕಡೆಗಣಿಸಬಾರದು. ತುಳು, ಕೊಂಕಣಿ, ಉರ್ದು, ಮರಾಠಿ ಅಥವಾ ತೆಲುಗು ಮನೆಯಲ್ಲಿಯೇ ದೊರೆತಿದ್ದರೆ ಅದು ವೃತ್ತಿಯ ಅರ್ಹತೆಯೂ ಆಗಬಲ್ಲದು. ನಾಲ್ಕನೆಯದಾಗಿ, ಭಾಷೆಯನ್ನಾಡುವ ಜನರ ಹಬ್ಬ, ಆಹಾರ, ಶೋಕಾಚರಣೆ, ಹಾಸ್ಯ ಹಾಗೂ ಕಾಲನಿಷ್ಠೆಯ ಕಲ್ಪನೆಗಳನ್ನು ತಿಳಿಯದೆ ಭಾಷಾಜ್ಞಾನವು ಪೂರ್ಣವಾಗುವುದಿಲ್ಲ.

ಪ್ರವೇಶ ಹಾಗೂ ನೇಮಕಾತಿಯ ವಯೋಮಿತಿ, ವಿದ್ಯಾರ್ಹತೆ, ಮೀಸಲಾತಿ ಮತ್ತು ಶುಲ್ಕದ ವಿವರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ಸಂಸ್ಥೆಯ ಇತ್ತೀಚಿನ ಅಧಿಸೂಚನೆಯನ್ನು ಪರಿಶೀಲಿಸುವುದು. ಹೆಚ್ಚಿನ ಮಾರ್ಗದರ್ಶನಕ್ಕಾಗಿ ಅಭ್ಯರ್ಥಿಗಳು ತಮ್ಮ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು.