ಸಾಂಟಾ ಕ್ಲಾಸ್ ಕಡೆ ತಿರುಗಿಯೂ ನೋಡದ ಹುಡುಗ

ಇವತ್ತಿನ ಕತೆ ಶುರುವಾಗೋದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಅನ್ನೋ ಸಣ್ಣ ಪಟ್ಟಣದಲ್ಲಿ. 1930ರ ದಶಕ. ಒಬ್ಬ ಪುಟ್ಟ ಹುಡುಗನ ಎದುರಿಗೆ ಸಾಂಟಾ ಕ್ಲಾಸ್ ಬಂದು ನಿಲ್ತಾನೆ, ಪೂರ್ತಿ ವೇಷದಲ್ಲಿ. ಯಾವ ಮಗುವಾದರೂ ಒಂದೋ ಕುಣಿಯಬೇಕು, ಇಲ್ಲ ಹೆದರಿ ಅಮ್ಮನ ಸೆರಗು ಹಿಡಿಯಬೇಕು. ಈ ಹುಡುಗ ಎರಡೂ ಮಾಡಲಿಲ್ಲ. ತಿರುಗಿಯೂ ನೋಡಲಿಲ್ಲ. ಅಪ್ಪ ಆಫೀಸಿಂದ ಮನೆಗೆ ಬಂದರೂ ಅಷ್ಟೇ, ಗಮನ ಇಲ್ಲ. ಆದರೆ ಪಾತ್ರೆಯನ್ನೋ ಆಟದ ಮರದ ತುಂಡನ್ನೋ ನೆಲದ ಮೇಲೆ ಗಿರಗಿರ ತಿರುಗಿಸೋಕೆ ಕೂತರೆ ಲೋಕವೇ ಬೇಡ ಅವನಿಗೆ.

ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ. ಅಪ್ಪ ಬೀಮನ್ ವಕೀಲರು, ಅಮ್ಮ ಮೇರಿ ಊರಿನ ಬ್ಯಾಂಕ್ ಮನೆತನದವರು. ಇನ್ನೂ ಸರಿಯಾಗಿ ಮಾತೇ ಬರದ ವಯಸ್ಸಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೇಳ್ತಿದ್ದ, 100ರ ತನಕ ಎಣಿಸ್ತಿದ್ದ. 'ನಾನು' ಅನ್ನೋ ಕಡೆ 'ನೀನು' ಅನ್ನುತ್ತಿದ್ದ. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಆಟಿಸಂ ಅಂತ ಗುರುತಿಸಲಾದ ಮೊದಲ ಮಗು ಅಂತ ಇವನನ್ನೇ ಕರೀತಾರೆ. ಪೇಪರಿನಲ್ಲಿ ಅವನು 'ಕೇಸ್ 1'.

ಆದರೆ ಈ ಸಂಚಿಕೆ ಡೊನಾಲ್ಡ್ ಬಗ್ಗೆ ಮಾತ್ರ ಅಲ್ಲ. ಅವನನ್ನು ನೋಡಿದವರ ಬಗ್ಗೆ. ಆಟಿಸಂ ಇರೋ ಮಗುವನ್ನು ಜನ ಯಾವ ಕಣ್ಣಲ್ಲಿ ನೋಡಿದರು, ನೋಡಿ ಏನು ತೀರ್ಮಾನಕ್ಕೆ ಬಂದರು, ಆ ತೀರ್ಮಾನಕ್ಕೆ ಯಾರು ಬೆಲೆ ತೆತ್ತರು ಅನ್ನೋದಕ್ಕೂ ಒಂದು ಇತಿಹಾಸ ಇದೆ. ನನ್ನ ಪ್ರಕಾರ ಕಾಯಿಲೆಯ ಇತಿಹಾಸಕ್ಕಿಂತ ಅದೇ ಹೆಚ್ಚು ಕುತೂಹಲದ್ದು.

ಮೊದಲು ತೀರ್ಪು ಕೊಟ್ಟವರು ಆ ಕಾಲದ ಡಾಕ್ಟರುಗಳು. ಮಗುವನ್ನು ಮನೆಯಿಂದ ದೂರ ಇಡಿ ಅಂದರು. 1937ರಲ್ಲಿ, ನಾಲ್ಕು ವರ್ಷವೂ ತುಂಬದ ಡೊನಾಲ್ಡ್‌ನನ್ನು 'ಪ್ರಿವೆಂಟೋರಿಯಂ' ಅನ್ನೋ ಸಂಸ್ಥೆಗೆ ಸೇರಿಸಿದರು. ಅದು ಇದ್ದದ್ದು ಕ್ಷಯರೋಗದ ಅಪಾಯ ಇರೋ ಮಕ್ಕಳಿಗೆ! ಇವನಿಗೂ ಕ್ಷಯಕ್ಕೂ ಏನೂ ಸಂಬಂಧ ಇರಲಿಲ್ಲ. ಅಪ್ಪ ಅಮ್ಮ ತಿಂಗಳಿಗೆ ಎರಡೇ ಸಲ ಬಂದು ನೋಡಬಹುದಿತ್ತು. ಸುಮಾರು ಒಂದು ವರ್ಷ ಹೀಗೆ ಕಳೆದ ಮೇಲೆ ಅವರು ಹಟ ಹಿಡಿದು ಮಗನನ್ನು ವಾಪಸ್ ಕರ್ಕೊಂಡು ಬಂದರು. ಸಂಸ್ಥೆಯವರಿಗೆ ಇದು ಇಷ್ಟವಿರಲಿಲ್ಲ, ಹುಡುಗ ಚೆನ್ನಾಗೇ ಇದ್ದಾನಲ್ಲ ಅನ್ನೋದು ಅವರ ವಾದ.

ಆಮೇಲೆ ಬೀಮನ್ ಒಂದು ಕಾಗದ ಬರೆದರು. 33 ಪುಟ. ಮಗ ಏನು ತಿಂತಾನೆ, ಏನು ಹಾಡ್ತಾನೆ, ಯಾವುದಕ್ಕೆ ನಗ್ತಾನೆ, ಯಾರನ್ನು ನೋಡಲ್ಲ, ಎಲ್ಲ. ನಾನು ಮೇಲೆ ಹೇಳಿದ ಸಾಂಟಾ ಕ್ಲಾಸ್ ವಿಷಯ ಬಂದಿರೋದೂ ಆ ಕಾಗದದಿಂದಲೇ. ಅದು ಹೋಗಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ. 1938ರ ಅಕ್ಟೋಬರಿನಲ್ಲಿ ಕ್ಯಾನರ್ ಹುಡುಗನನ್ನು ನೋಡಿದರು. ಐದು ವರ್ಷದಲ್ಲಿ ಇಂಥದ್ದೇ ಇನ್ನೂ ಹತ್ತು ಮಕ್ಕಳು ಸಿಕ್ಕರು. 1943ರಲ್ಲಿ ಬಂದ ಅವರ ಪ್ರಬಂಧದಲ್ಲಿ ಒಟ್ಟು 11 ಮಕ್ಕಳು, 8 ಹುಡುಗರು, 3 ಹುಡುಗಿಯರು. ಇವರಲ್ಲಿ ಕೆಲವರಿಗೆ ಅದಾಗಲೇ ಕಿವುಡು, ಬುದ್ಧಿಮಾಂದ್ಯ ಅಂತೆಲ್ಲ ಚೀಟಿ ಅಂಟಿಸಲಾಗಿತ್ತು. ಕರೆದರೆ ತಿರುಗಲಿಲ್ಲ ಅಂದ್ರೆ ಕಿವಿ ಕೇಳಲ್ಲ, ಉತ್ತರ ಕೊಡಲಿಲ್ಲ ಅಂದ್ರೆ ಬುದ್ಧಿ ಇಲ್ಲ. ಲೆಕ್ಕಾಚಾರ ಸರಳ.

ಕ್ಯಾನರ್ ಈ ಚೀಟಿಗಳನ್ನು ಕಿತ್ತುಹಾಕಿದರು. ಇದು ಹುಟ್ಟಿನಿಂದಲೇ ಬಂದದ್ದು, ಈ ಮಕ್ಕಳಿಗೆ ಬುದ್ಧಿ ಇದೆ ಅಂದರು. ದೊಡ್ಡ ಕೆಲಸ, ಒಪ್ಪಬೇಕು. ಆದರೆ ಅದೇ ಪ್ರಬಂಧದ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದರು: ಈ ಮಕ್ಕಳ ತಂದೆ-ತಾಯಿಯರಲ್ಲಿ ನಿಜವಾಗಿ ಅಕ್ಕರೆ ತೋರೋರು ಬಹಳ ಕಮ್ಮಿ.

ಒಂದೇ ಒಂದು ಮಾತು. ಮುಂದಿನ ಮೂವತ್ತು ವರ್ಷ ಸಾವಿರಾರು ಮನೆಗಳಲ್ಲಿ ಬೆಂಕಿ ಹತ್ತೋಕೆ ಅಷ್ಟು ಸಾಕಾಯ್ತು.

1948ರಲ್ಲಿ ಟೈಮ್ ಪತ್ರಿಕೆ ಈ ಮಕ್ಕಳನ್ನು ಹಿಮಗಟ್ಟಿದ ಮಕ್ಕಳು ಅನ್ನೋ ಅರ್ಥದ ತಲೆಬರಹದಲ್ಲಿ ಪರಿಚಯಿಸಿತು. 1949ರಲ್ಲಿ ಕ್ಯಾನರ್ ತಾವೇ ಈ ಮಕ್ಕಳ ಮನೆಗಳನ್ನು ರೆಫ್ರಿಜರೇಟರ್‌ಗೆ ಹೋಲಿಸಿದರು. ಬರೀ ಅಮ್ಮಂದಿರನ್ನೇ ಅಲ್ಲ, ಇಬ್ಬರನ್ನೂ ಸೇರಿಸಿಯೇ ಹೇಳಿದ್ದು. ಆದರೆ ಜನರ ಬಾಯಿಗೆ ಬಂದಾಗ ಅದು 'ರೆಫ್ರಿಜರೇಟರ್ ಮದರ್' ಆಯ್ತು. ಅಪ್ಪ ಯಾವ ಮಾಯದಲ್ಲಿ ಜಾರಿಕೊಂಡನೋ ಗೊತ್ತಿಲ್ಲ. ಸ್ವಲ್ಪ ಹಿಂದೆ ಹೋಗಿ ಯೋಚಿಸಿ: 33 ಪುಟ ಬರೆದ ಮನೆಗೆ, ತಿಂಗಳಿಗೆ ಎರಡು ಸಲ ಹೋಗಿ ಮಗನನ್ನು ನೋಡಿಬಂದ ಮನೆಗೆ ಇಟ್ಟ ಹೆಸರು ಇದು. ಅಪ್ಪನ ಕಾಗದದಲ್ಲಿ ಅಷ್ಟೊಂದು ವಿವರ ಇದ್ದದ್ದನ್ನೂ ಕ್ಯಾನರ್ ಅತಿಯಾದ ಲೆಕ್ಕಾಚಾರದ ಸ್ವಭಾವ ಅಂತಲೇ ಓದಿದರು. ಬರೆಯದಿದ್ದರೆ ಕಾಳಜಿ ಇಲ್ಲ, ಬರೆದರೆ ಗೀಳು.

ಇದನ್ನು ತುತ್ತತುದಿಗೆ ತಗೊಂಡು ಹೋದವರು ಷಿಕಾಗೋದ ಬ್ರೂನೋ ಬೆಟೆಲ್‌ಹೈಮ್. ಸ್ವತಃ ನಾತ್ಸಿ ಸೆರೆಶಿಬಿರಗಳಲ್ಲಿ, ಡಾಕೌ ಮತ್ತು ಬೂಖನ್‌ವಾಲ್ಡ್‌ನಲ್ಲಿ, ಕೈದಿಯಾಗಿದ್ದವರು. 1967ರಲ್ಲಿ ಬಂದ ಅವರ 'ದಿ ಎಂಪ್ಟಿ ಫೋರ್ಟ್ರೆಸ್' ಪುಸ್ತಕದಲ್ಲಿ ಈ ಮಕ್ಕಳ ಸ್ಥಿತಿಯನ್ನು ಶಿಬಿರದ ಕೈದಿಗಳ ಸ್ಥಿತಿಗೆ ಹೋಲಿಸಿದರು. ಮಗು ಇರಲೇಬಾರದಿತ್ತು ಅನ್ನೋ ತಂದೆ-ತಾಯಿಯ ಒಳ ಆಸೆಯೇ ಇದಕ್ಕೆ ಕಿಡಿ ಅಂದರು. ಹೋಲಿಕೆಯಲ್ಲಿ ಮಗು ಕೈದಿಯಾದರೆ ಕಾವಲುಗಾರರು ಯಾರು ಅನ್ನೋದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪರಿಹಾರ ಏನಪ್ಪಾ ಅಂದ್ರೆ ಮಗುವನ್ನು ತಂದೆ-ತಾಯಿಯಿಂದ ಬೇರೆ ಮಾಡೋದು. ಬುದ್ಧಿವಂತರೆಲ್ಲ ಮೆಚ್ಚಿ ಓದಿದ ಪುಸ್ತಕ ಅದು.

ಅದೇ 1967ರಲ್ಲಿ ಇನ್ನೊಂದು ಪುಸ್ತಕವೂ ಬಂತು, 'ದಿ ಸೀಜ್'. ಬರೆದವರು ಕ್ಲಾರಾ ಕ್ಲೇಬೋರ್ನ್ ಪಾರ್ಕ್ ಅನ್ನೋ ಇಂಗ್ಲಿಷ್ ಮೇಷ್ಟ್ರು, ಆಟಿಸಂ ಇರೋ ಮಗಳ ತಾಯಿ. ಒಬ್ಬರು ಹೊರಗೆ ನಿಂತು ಇದು ಖಾಲಿ ಕೋಟೆ ಅಂದರು. ಇನ್ನೊಬ್ಬರು ಅದೇ ಕೋಟೆಗೆ ವರ್ಷಗಟ್ಟಲೆ ಮುತ್ತಿಗೆ ಹಾಕಿ ಕೂತು, ಒಳಗೆ ಮಗಳಿದ್ದಾಳೆ ಅಂದರು. ಎರಡರಲ್ಲಿ ಒಂದೇ ಓದೋಕೆ ಟೈಮ್ ಇದ್ದರೆ ಪಾರ್ಕ್ ಅವರದ್ದನ್ನೇ ಓದಿ.

ತೀರ್ಪು ಮುರಿದು ಬಿದ್ದದ್ದು ಹೇಗೆ? ಪೋಷಕರಿಂದಲೇ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್‌ಗೆ ಆಟಿಸಂ ಇರೋ ಮಗ ಇದ್ದ. ಸಿಕ್ಕಿದ್ದನ್ನೆಲ್ಲ ಓದಿ, ಅಮ್ಮಂದಿರ ತಪ್ಪು ಅನ್ನೋದಕ್ಕೆ ಆಧಾರವೇ ಇಲ್ಲ, ಕಾರಣ ದೇಹದಲ್ಲಿದೆ ಅಂತ 1964ರಲ್ಲಿ ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದದ್ದು ಯಾರು ಗೊತ್ತಾ? ಕ್ಯಾನರ್. 1969ರಲ್ಲಿ ಪೋಷಕರ ಸಭೆಯಲ್ಲಿ ನಿಂತು, ತಂದೆ-ತಾಯಿಯರೇ, ನಿಮ್ಮನ್ನು ದೋಷಮುಕ್ತ ಮಾಡ್ತಿದ್ದೀನಿ ಅಂದರು ಆ ಮುದುಕ. ನ್ಯಾಯಾಧೀಶರು ತಾವೇ ಮೊಕದ್ದಮೆ ಹೂಡಿ ತಾವೇ ಖುಲಾಸೆ ಮಾಡಿದ ಹಾಗೆ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಅನುವಂಶೀಯತೆಯ ಪಾತ್ರ ದೊಡ್ಡದು ಅಂತ ಅಲ್ಲಿಂದ ಗಟ್ಟಿಯಾಗ್ತಾ ಬಂತು.

ಇಲ್ಲಿಗೆ ಅಮ್ಮಂದಿರ ಮೇಲಿನ ಕೇಸ್ ಮುಗೀತು ಅಂದ್ಕೊಂಡ್ರಾ? ನಮ್ಮ ಯಾವುದಾದರೂ ಕಲ್ಯಾಣಮಂಟಪಕ್ಕೆ ಬನ್ನಿ. ನಾದಸ್ವರ, ಡೋಲು, ಮೈಕು, ಸಾವಿರ ಜನ, ಕಣ್ಣಿಗೆ ಹೊಡೆಯೋ ವಿಡಿಯೋ ಲೈಟು. ಒಂದು ಮಗು ಕಿವಿ ಮುಚ್ಕೊಂಡು ನೆಲದ ಮೇಲೆ ಬಿದ್ದು ಕಿರುಚ್ತಾ ಇದೆ. ಪಂಕ್ತಿಯಲ್ಲಿ ಕೂತವರು ಮೊದಲು ಮಗುವನ್ನು ನೋಡ್ತಾರೆ, ಎರಡನೇ ನೋಟ ನೇರ ತಾಯಿ ಮೇಲೆ. ಹಟಮಾರಿ, ಮುದ್ದು ಜಾಸ್ತಿ ಆಯ್ತು, ಎರಡು ಬಿಟ್ಟರೆ ಸರಿ ಹೋಗತ್ತೆ. ಈಚಿನ ಹೊಸ ಸೇರ್ಪಡೆ: ಮೊಬೈಲ್ ಕೊಟ್ಟು ಕೊಟ್ಟು ಹೀಗಾಯ್ತು. ಅವಳು ಕೆಲಸಕ್ಕೆ ಹೋಗ್ತಾಳಲ್ಲ, ಅದಕ್ಕೇ. ಅಂದರೆ ಫ್ರಿಜ್ ಹೋಗಿ ಫೋನ್ ಬಂತು, ಕಟಕಟೆಯಲ್ಲಿ ನಿಂತವಳು ಮಾತ್ರ ಅವಳೇ. ಪುಟ್ಟ ಮಕ್ಕಳಿಗೆ ಸ್ಕ್ರೀನ್ ಕಮ್ಮಿ ಕೊಡಬೇಕು ನಿಜ, ಅದು ಬೇರೆ ಮಾತು. ಆಟಿಸಂ ಫೋನಿಂದ ಹುಟ್ಟಲ್ಲ. ಡೊನಾಲ್ಡ್ ಕೈಯಲ್ಲಿ ಇದ್ದದ್ದು ಅಡುಗೆ ಪಾತ್ರೆ.

ಈಗ ಅವನ ಕತೆಗೆ ವಾಪಸ್ ಬರೋಣ, ಯಾಕಂದ್ರೆ ಅವನ ಊರು ಬೇರೆ ಥರ ನೋಡಿತು. 1942ರಲ್ಲಿ ಅವನನ್ನು ಹತ್ತಿರದಲ್ಲೇ ಒಬ್ಬ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಆಶ್ಚರ್ಯಪಟ್ಟರು. ಹುಡುಗನಿಗೆ ಅಳೆಯೋ ಗೀಳು. ಆ ದಂಪತಿ ಬೈಯಲಿಲ್ಲ, ಬಾವಿ ತೋಡಿಸಿ ಆಳ ಎಷ್ಟು ಅಂತ ಲೆಕ್ಕ ಕೇಳಿದರು. ಜೋಳದ ಸಾಲುಗಳನ್ನು ಪದೇ ಪದೇ ಎಣಿಸ್ತಿದ್ದ. ಸರಿ, ಉಳುತ್ತಾ ಎಣಿಸು ಅಂದರು. ಕ್ಯಾನರ್ ಕಣ್ಣೆದುರೇ ಆರು ಉದ್ದ ಸಾಲು ಉತ್ತ, ಕುದುರೆ ನೇಗಿಲು ಎರಡನ್ನೂ ನೀಟಾಗಿ ನಡೆಸಿದ. ಸತ್ತ ಹಕ್ಕಿಗಳನ್ನು ಹೆಕ್ಕಿ ತರ್ತಿದ್ದ. ಅವುಗಳಿಗೆ ಸ್ಮಶಾನಕ್ಕೆ ಅಂತ ಒಂದು ತುಂಡು ಜಾಗ ಕೊಟ್ಟರು. ಅವರು ಯಾವ ಥೆರಪಿಯನ್ನೂ ಓದಿದವರಲ್ಲ. ಹುಡುಗ ಮಾಡ್ತಿರೋದರಲ್ಲಿ ಏನೋ ಕೆಲಸ ಇದೆ ಅಂತ ನೋಡಿದರು, ಅಷ್ಟೇ.

ಆಮೇಲೆ ಹೈಸ್ಕೂಲು, ಮಿಲ್‌ಸಾಪ್ಸ್ ಕಾಲೇಜು, 1958ರಲ್ಲಿ ಪದವಿ, ಫಾರೆಸ್ಟ್ ಊರಿನ ಬ್ಯಾಂಕಿನಲ್ಲಿ ಕೆಲಸ. ಗಾಲ್ಫ್ ಆಡಿದ, ಕಾರು ಓಡಿಸಿದ, ಒಬ್ಬನೇ ಹತ್ತಾರು ದೇಶ ಸುತ್ತಿದ. ಗೆಳೆಯರಿಗೆ ಒಂದೊಂದು ನಂಬರ್ ಕೊಡ್ತಿದ್ದ, ವರ್ಷಗಳಾದ ಮೇಲೂ ಮರೀತಿರಲಿಲ್ಲ. ಅವನನ್ನು ಹುಡುಕಿಕೊಂಡು ಹೋದ ಪತ್ರಕರ್ತರಾದ ಜಾನ್ ಡಾನ್ವನ್ ಮತ್ತು ಕೇರನ್ ಝುಕರ್ ಅವರಿಗೆ ಊರಿನ ಜನ ಮೊದಲು ಮಾಡಿದ್ದು ಎಚ್ಚರಿಕೆ ಕೊಡೋದು: ನಮ್ಮ ಡಾನ್‌ಗೆ ನೋವು ಮಾಡಿದ್ರೆ ನೋಡಿ. 2023ರಲ್ಲಿ, 89ನೇ ವಯಸ್ಸಲ್ಲಿ ತೀರಿಕೊಂಡ.

ಇಷ್ಟು ಕೇಳಿ ಆಹಾ ಎಂಥಾ ಊರು ಅನ್ನಿಸತ್ತೆ. ನನಗೂ ಅನ್ನಿಸ್ತು. ಆದರೆ ಬ್ಯಾಂಕ್ ಅಮ್ಮನ ಮನೆಯವರದ್ದು ಅನ್ನೋದನ್ನು ಮರೀಬಾರದು. ವರ್ಣಭೇದ ಕಾನೂನು ಚಾಲ್ತಿಯಲ್ಲಿದ್ದ ಅದೇ ಮಿಸಿಸಿಪ್ಪಿಯಲ್ಲಿ, ಹತ್ತಿ ಹೊಲದ ಕೂಲಿಯವನ ಕಪ್ಪು ಮಗುವೊಂದು ಹೀಗೇ ಇದ್ದಿದ್ದರೆ, ಬಾಲ್ಟಿಮೋರಿಗೆ 33 ಪುಟ ಬರೆಯೋರು ಯಾರಿದ್ದರು? 1971ರಲ್ಲಿ ಕ್ಯಾನರ್ ಆ 11 ಮಕ್ಕಳು ಏನಾದರು ಅಂತ ಹಿಂತಿರುಗಿ ನೋಡಿದರು. ಸರಕಾರಿ ಆಸ್ಪತ್ರೆಗಳ ಗೋಡೆಯೊಳಗೆ ಹೋದವರು ಅಲ್ಲೇ ಬಾಡಿದ್ದರು. ಹಾಗೆ ಸೇರಿಸೋದು ಜೀವಾವಧಿ ಶಿಕ್ಷೆಗೆ ಸಮ ಅನ್ನೋ ಅರ್ಥದಲ್ಲಿ ಬರೆದರು.

ಇಷ್ಟೂ ವರ್ಷ ಅಳೆದದ್ದು ಮಗುವನ್ನ, ಇಲ್ಲ ತಾಯಿಯನ್ನ. ನೋಡೋರನ್ನೇ ಅಳೆಯೋಣ ಅನ್ನೋ ಯೋಚನೆ ಜೋರಾಗಿದ್ದು ತೀರಾ ಈಚೆಗೆ. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರೋರು, ಒಂದು ವಾದ ಇಟ್ಟರು: ಅರ್ಥ ಆಗದಿರೋದು ಎರಡೂ ಕಡೆಯಿಂದ. ಅವರಿಗೆ ನಾವು ಅರ್ಥ ಆಗಲ್ಲ ಅಂತೀವಿ, ನಮಗೂ ಅವರು ಅರ್ಥ ಆಗಲ್ಲವಲ್ಲ? 2015ರಲ್ಲಿ ರೂತ್ ಗ್ರಾಸ್‌ಮನ್ ಒಂದು ಪ್ರಯೋಗ ಮಾಡಿದರು. ಆಟಿಸಂ ಇರೋ, ಇಲ್ಲದ ಮಕ್ಕಳ ಚೂರು ಚೂರು ಕ್ಲಿಪ್‌ಗಳು, ಒಂದರಿಂದ ಮೂರು ಸೆಕೆಂಡು. ಏನೂ ಗೊತ್ತಿಲ್ಲದ ಜನ ಅಷ್ಟರಲ್ಲೇ ಈ ಮಗು ಒಂಥರಾ ಅಂತ ತೀರ್ಮಾನಿಸಿಬಿಟ್ಟರು. ಮೂರು ಸೆಕೆಂಡು ಅಂದ್ರೆ ನೀವು ಒಂದು ರೀಲ್ ದಾಟಿ ಹೋಗೋ ಹೊತ್ತು.

2017ರಲ್ಲಿ ನೋವಾ ಸ್ಯಾಸನ್ ಮತ್ತು ಜೊತೆಗಾರರು ದೊಡ್ಡವರ ಮೇಲೆ ಇಂಥದ್ದೇ ಮಾಡಿದರು. ಇವರ ಪಕ್ಕ ಕೂರ್ತೀರಾ, ಮಾತಾಡ್ತೀರಾ ಅಂತ ಕೇಳಿದರು. ವಿಡಿಯೋ ನೋಡಿದವರು, ಧ್ವನಿ ಕೇಳಿದವರು ಹಿಂಜರಿದರು. ಆದರೆ ಅದೇ ಮಾತುಗಳನ್ನು ಬರಹದಲ್ಲಿ ಕೊಟ್ಟಾಗ ಆ ಹಿಂಜರಿಕೆ ಮಾಯ! ತೊಂದರೆ ಅವರು ಹೇಳಿದ್ದರಲ್ಲಿ ಇರಲಿಲ್ಲ, ಮುಖಭಾವದಲ್ಲಿ, ದನಿಯ ಏರಿಳಿತದಲ್ಲಿ, ಕಣ್ಣು ಎತ್ತ ಇತ್ತು ಅನ್ನೋದರಲ್ಲಿ ಇತ್ತು. ನಿಮ್ಮಲ್ಲಿ ಕೆಲವರು ಈ ಸಂಚಿಕೆಯನ್ನು ಕೇಳದೆ ಇಲ್ಲಿ ಓದ್ತಾ ಇದ್ದೀರಲ್ಲ, ನಿಮಗೆ ಇದು ಬೇಗ ಅರ್ಥ ಆಗತ್ತೆ.

2019ರಲ್ಲಿ ಅದೇ ಸ್ಯಾಸನ್ ಮತ್ತು ಕೆರಿಯಾನ್ ಮಾರಿಸನ್ ಇನ್ನೊಂದು ಹೆಜ್ಜೆ ಹೋದರು. ಈ ವ್ಯಕ್ತಿಗೆ ಆಟಿಸಂ ಇದೆ ಅಂತ ಮೊದಲೇ ಹೇಳಿದರೆ ನೋಡೋರ ತೀರ್ಪು ಮೆತ್ತಗಾಗತ್ತೆ, ಅದರಲ್ಲೂ ಆಟಿಸಂ ಬಗ್ಗೆ ತಿಳಿದವರಾದರೆ. ಇದನ್ನು ಕೇಳೋಕೆ ಸುಲಭ. ನಮ್ಮಲ್ಲಿ ತಂದೆ-ತಾಯಿಯರ ತಲೆನೋವು ಶುರುವಾಗೋದೇ ಇಲ್ಲಿಂದ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆಯ 21ರಲ್ಲಿ ಅದು ಇದೆ, ಹಾಗಾಗಿ ಪ್ರಮಾಣಪತ್ರ ಸಿಗತ್ತೆ, ಶಾಲೆಯಲ್ಲಿ ಕೇಳೋ ಹಕ್ಕು ಸಿಗತ್ತೆ. ಆದರೆ ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಆ ಪದ ಬಾಯಿಬಿಟ್ಟು ಹೇಳಬೇಕೋ ಬೇಡವೋ? ಹೇಳಿದರೆ ಈ ಕ್ಷಣದ ಕೆಟ್ಟ ನೋಟ ತಪ್ಪಬಹುದು, ನಾಳೆ ಅದೇ ಪದ ಮಗುವಿನ ಹೆಸರಾಗಬಹುದು. ಹೇಳದಿದ್ದರೆ ಹಟಮಾರಿ ಅನ್ನಿಸ್ಕೋಬೇಕು, ಅಮ್ಮನಿಗೆ ಬುದ್ಧಿವಾದ ಬೇರೆ. ನನಗೆ ಗೊತ್ತಿರೋ ಒಬ್ಬ ತಾಯಿ ಪ್ರತಿ ಸಲ ಹೊರಗೆ ಹೊರಡೋ ಮುಂಚೆ ಇವತ್ತು ಹೇಳೋದಾ ಬೇಡವಾ ಅಂತ ಗಂಡನ ಜೊತೆ ಮಾತಾಡಿಕೊಂಡೇ ಹೊರಡ್ತಾರೆ. ಚಪ್ಪಲಿ, ನೀರಿನ ಬಾಟಲಿ, ಕಿವಿಗೆ ಹಾಕೋ ಹೆಡ್‌ಫೋನು, ಜೊತೆಗೆ ಇದೊಂದು.

ಮುಂದಿನ ವಾರ ಸಿಗೋಣ.