ಬಯಲಿಗೆ ಬಂದ ಹಂಡೆ: ಮೇನ್ ಕರಾವಳಿಯ ಲಾಬ್‌ಸ್ಟರ್ ಹಬ್ಬ

ಸಾವಿರಾರು ಜನರಿಗೆ ಒಂದೆಡೆ ಅಡುಗೆ ಮಾಡುವಾಗ ಬದಲಾಗುವುದು ಪಾತ್ರೆಯ ಗಾತ್ರ ಮಾತ್ರವಲ್ಲ. ಮನೆಯ ಒಲೆಯ ಬಳಿ ಮರೆಯಾಗಿದ್ದ ಕ್ರಿಯೆಯೊಂದು ಬಯಲಿಗೆ ಬಂದು ಸಾರ್ವಜನಿಕ ಪ್ರಶ್ನೆಯಾಗಿ ಪರಿಣಮಿಸುವುದೂ ಉಂಟು. ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ರಾಜ್ಯದ ಲಾಬ್‌ಸ್ಟರ್ ಹಬ್ಬವು ಇದಕ್ಕೆ ನಿದರ್ಶನವಾಗಿದೆ.

1947ರಲ್ಲಿ ಕ್ಯಾಮ್ಡೆನ್‌ನಲ್ಲಿ ಆರಂಭಗೊಂಡ ಈ ಹಬ್ಬವು ಮರುವರ್ಷ ನೆರೆಯ ರಾಕ್‌ಲ್ಯಾಂಡ್ ಬಂದರಿಗೆ ಸ್ಥಳಾಂತರಗೊಂಡಿತು. ಬೇಸಿಗೆಯ ಈ ಕೆಲವೇ ದಿನಗಳಲ್ಲಿ ಸುಮಾರು 20,000 ಪೌಂಡ್, ಎಂದರೆ 9,000 ಕಿಲೋಗ್ರಾಂನಷ್ಟು ಲಾಬ್‌ಸ್ಟರ್ ಬೇಯುತ್ತದೆ. ಏಡಿಯಂತೆ ಕೊಂಡಿಗಳುಳ್ಳ ಈ ಕಡಲಜೀವಿಯ ಮಾಂಸವು ಸತ್ತ ಮೇಲೆ ಬೇಗ ಕೆಡುವುದರಿಂದ ಅದನ್ನು ಜೀವಂತವಾಗಿಯೇ ಬೇಯಿಸುವುದು ರೂಢಿ. ಮನೆಯಲ್ಲಿ ಒಂದೆರಡನ್ನು ಕುದಿನೀರಿಗೆ ಹಾಕಿದರೆ ಸಾಕು. ಆದರೆ ತಣ್ಣಗಿರುವ ಲಾಬ್‌ಸ್ಟರ್‌ಗಳನ್ನು ರಾಶಿಯಾಗಿ ಮುಳುಗಿಸಿದಾಗ ನೀರಿನ ಕುದಿ ಇಳಿದು, ಮತ್ತೆ ಏರಲು ಹೊತ್ತು ಹಿಡಿಯುತ್ತದೆ. ಹಬೆಯಲ್ಲಿ ಈ ತೊಡಕು ಕಡಿಮೆ. ಹಬ್ಬದ ಅಡುಗೆಯೂ ಹಬೆಯನ್ನೇ ನೆಚ್ಚಿದೆ. ಅಲ್ಲಿನ ಹಂಡೆಯನ್ನು ಸಂಘಟಕರು ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೇಳಿಕೊಳ್ಳುತ್ತಾರೆ.

ಲಾಬ್‌ಸ್ಟರ್ ಕುರಿತು ಒಂದು ಜನಪ್ರಿಯ ಕಥೆಯಿದೆ. ವಸಾಹತು ಕಾಲದ ಸೇವಕರು, ವಾರದಲ್ಲಿ ಇಂತಿಷ್ಟು ಬಾರಿಗಿಂತ ಹೆಚ್ಚು ಲಾಬ್‌ಸ್ಟರ್ ಬಡಿಸಬಾರದೆಂದು ಯಜಮಾನರೊಡನೆ ಕರಾರು ಮಾಡಿಕೊಂಡಿದ್ದರಂತೆ. ಅಂತಹ ಕರಾರುಪತ್ರ ಸಂಶೋಧಕರಿಗೆ ದೊರೆತಿಲ್ಲ. ಇದೇ ಕಥೆ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿನ ಬಗೆಗೂ ಪ್ರಚಲಿತವಾಗಿದೆ. ಆದುದರಿಂದ ಇದನ್ನು ಚರಿತ್ರೆಯೆನ್ನುವುದಕ್ಕಿಂತ ಸಂಚಾರಿ ಐತಿಹ್ಯವೆನ್ನುವುದು ಸೂಕ್ತ. ಕಡಲಿನ ಸಮೃದ್ಧಿಯನ್ನು ನೆನೆಯುವ ಈ ಐತಿಹ್ಯದಲ್ಲಿ ಉಣ್ಣುವವರ ಬೇಸರವಿದೆ. ಬೇಯುವ ಜೀವಿಯ ಪ್ರಸ್ತಾಪವಿಲ್ಲ.

ಆ ಪ್ರಸ್ತಾಪವನ್ನು ಮುನ್ನೆಲೆಗೆ ತರುವಲ್ಲಿ ಬಯಲಿನ ಹಂಡೆಯ ಪಾತ್ರ ಗಮನಾರ್ಹವಾದುದು. 2003ರ ಹಬ್ಬವನ್ನು ಕಂಡ ಲೇಖಕ ಡೇವಿಡ್ ಫಾಸ್ಟರ್ ವ್ಯಾಲೇಸ್ ಅವರು 2004ರಲ್ಲಿ ‘ಗೂರ್ಮೆ’ ಎಂಬ ಆಹಾರ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ, ನಾಲಗೆಯ ರುಚಿಗಾಗಿ ಜೀವಿಯೊಂದನ್ನು ಜೀವಂತವಾಗಿ ಬೇಯಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಓದುಗರ ಮುಂದಿಟ್ಟರು. ಈ ವಿಚಾರ ಮುಂದೆ ಶಾಸನಗಳಲ್ಲಿಯೂ ಕಾಣಿಸಿಕೊಂಡಿತು. ಪ್ರಜ್ಞೆ ತಪ್ಪಿಸದೆ ಲಾಬ್‌ಸ್ಟರನ್ನು ಕುದಿನೀರಿಗೆ ಹಾಕುವುದನ್ನು ಸ್ವಿಟ್ಜರ್‌ಲೆಂಡ್ 2018ರಲ್ಲಿ ನಿಷೇಧಿಸಿತು. ಬ್ರಿಟನ್ನಿನ 2022ರ ಕಾಯಿದೆಯು ಸಂವೇದನೆಯುಳ್ಳ ಪ್ರಾಣಿಗಳ ಸಾಲಿಗೆ ಲಾಬ್‌ಸ್ಟರ್ ವರ್ಗವನ್ನೂ ಸೇರಿಸಿತು.

ಮೀನುಗಾರರ ದುಡಿಮೆ, ಊರಿನ ಅಭಿಮಾನ, ಜೀವಿಯ ನೋವು ಈ ಮೂರೂ ಒಂದೇ ಹಂಡೆಯ ಸುತ್ತ ಸೇರಿವೆ. ಹಬ್ಬದ ಊಟವನ್ನು ಅಧ್ಯಯನ ಮಾಡುವವರು ತಟ್ಟೆಗೆ ಬಡಿಸಿದ್ದನ್ನು ಮಾತ್ರವಲ್ಲದೆ, ಒಲೆಯ ಮೇಲೆ ನಡೆದುದನ್ನೂ ದಾಖಲಿಸಬೇಕಾಗುತ್ತದೆ.