ಗೌಂಡಿಯ ಇಸಬು: ಸಿಮೆಂಟೊ, ಕಾಂಗ್ರೆಸ್ ಕಸವೊ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುಣ್ಣಕಲ್ಲಿನ ಸೀಮೆಯಲ್ಲಿ ಗೌಂಡಿಯ ಚರ್ಮ ಕೆಂಪೇರಿ ಒಸರತೊಡಗಿದರೆ ದೂರು ಸಿಮೆಂಟಿನ ಮೇಲೆಯೇ. ಅದಕ್ಕೆ ಆಧಾರವೂ ಇದೆ. ಸಿಮೆಂಟಿನ ಕ್ರೋಮೇಟ್ ಅಲರ್ಜಿಯನ್ನು ಯೇಗರ್ ಮತ್ತು ಪೆಲೋನಿ 1950ರಲ್ಲೇ ತೋರಿಸಿದ್ದರು. ಐರೋಪ್ಯ ಒಕ್ಕೂಟ 2005ರಿಂದ ಕರಗುವ ಹೆಕ್ಸಾವೇಲೆಂಟ್ ಕ್ರೋಮಿಯಮ್ಮನ್ನು ಹತ್ತು ಲಕ್ಷಕ್ಕೆ 2 ಭಾಗಕ್ಕೆ ಮಿತಿಗೊಳಿಸಿತು. ಹಸಿ ಸಿಮೆಂಟಿನ ಕ್ಷಾರ ಅಲರ್ಜಿಯಿಲ್ಲದೆಯೂ ಕೈ ಸುಡುತ್ತದೆ.

ನನ್ನ ತಕರಾರು ಈ ನಿರ್ಣಯವನ್ನು ಮುಖಕ್ಕೂ ಎಳೆಯುವುದರ ಬಗ್ಗೆ. ಕೈಬೆರಳ ಸಂದು, ಮುಂಗೈ, ಪಾದ ಒಡೆದಿದ್ದರೆ ಸಿಮೆಂಟನ್ನೇ ಹಿಡಿಯಬೇಕು. ಆದರೆ ಮೇಲ್ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಅಡಿ, ಮೊಳಕೈ ಮಡಿಕೆ ದಪ್ಪಗಟ್ಟಿದ್ದರೆ? ಬಿಸಿಲು ತಾಗದ ಈ ಜಾಗಗಳಲ್ಲೂ ಗಾಳಿಯಲ್ಲಿ ತೇಲಿ ಬಂದದ್ದು ಕೂರುತ್ತದೆ. 1974ರಲ್ಲಿ ಲೋಣಕರ್, ಮಿಚೆಲ್, ಕ್ಯಾಲ್ನನ್ ವರ್ಣಿಸಿದ ಪಾರ್ಥೇನಿಯಂ ಇಸಬಿನ ರೂಪವೂ ಇಂಥದೇ. ಮಳೆಗಾಲದಲ್ಲಿ ರೈಲು ಹಳಿಯ ಬದಿಗೆ, ತೊಗರಿ ಹೊಲದ ಬದುವಿಗೆ ಎದೆಯೆತ್ತರ ಬೆಳೆಯುವ ಕಾಂಗ್ರೆಸ್ ಕಸ ಅದು. ಇಂಥ ಗೌಂಡಿಯಲ್ಲಿ ಕಸವನ್ನೇ ಮೊದಲು ಶಂಕಿಸಬೇಕು ಎನ್ನುವುದು ನನ್ನ ವಾದ. ರಜೆಯಲ್ಲಿ ಕಟ್ಟಡ ಬಿಟ್ಟು ಹೊಲದ ಕಳೆಗೆ ಇಳಿದಾಗ ತುರಿಕೆ ಇಳಿಯದೆ ಏರಿದರೆ ಶಂಕೆ ಬಲಿಯುತ್ತದೆ.

ಬಲಿಯುತ್ತದೆ, ಅಷ್ಟೇ. ಸಿಮೆಂಟಿನ ಧೂಳೂ ಹಾರುತ್ತದೆ. ಕ್ರೋಮೇಟ್ ಅಲರ್ಜಿ ಕೆಲಸ ಬಿಟ್ಟ ಮೇಲೂ ವರ್ಷಗಟ್ಟಲೆ ಕಾಡುವುದುಂಟು. ಹಾಗಾಗಿ ರಜೆಯ ಸಾಕ್ಷ್ಯವೊಂದೇ ಸಾಲದು. ಒಂದೇ ಬೆನ್ನಿಗೆ ಕ್ರೋಮೇಟಿಗಾಗಿ ಪೊಟ್ಯಾಸಿಯಂ ಡೈಕ್ರೋಮೇಟ್, ಕಸಕ್ಕಾಗಿ ಪಾರ್ಥೇನಿಯಂ, ಎರಡರ ಪ್ಯಾಚ್ (ಅಲರ್ಜಿ ಪರೀಕ್ಷೆಯ ಪಟ್ಟಿ) ಹಚ್ಚಿ 48 ಗಂಟೆಗೂ 96 ಗಂಟೆಗೂ ಓದಬೇಕು. ಹಚ್ಚಲು ಒಮ್ಮೆ, ಓದಿಸಲು ಎರಡು ಸಲ, ಹೀಗೆ ಕಲಬುರಗಿಗೆ ಮೂರು ಸಲ ಬರುವುದೆಂದರೆ ದಿನಗೂಲಿಯವನಿಗೆ ಮೂರು ದಿನದ ಪಗಾರ ಹೋದಂತೆ, ಇದನ್ನು ಸೂಚಿಸುವ ವೈದ್ಯರು ಮರೆಯಬಾರದು.

ಕಾರಣ ತಿಳಿಯುವ ತನಕ ಚಿಕಿತ್ಸೆ ನಿಲ್ಲಿಸಬೇಕಿಲ್ಲ. ಮೈ ಒದ್ದೆಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ, ಉರಿಗೆ ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಮುಲಾಮು. ಹುಳಕಡ್ಡಿಯೆಂದು ಅಂಗಡಿಯವರು ಕೊಡುವ ಮಿಶ್ರ ಮುಲಾಮು ಮಾತ್ರ ಬೇಡ. ಸ್ಟಿರಾಯ್ಡ್ ಮುಲಾಮುಗಳಿಗೆ 2018ರಿಂದ ಚೀಟಿ ಕಡ್ಡಾಯವಾದರೂ ಮಾರಾಟ ನಿಂತಿಲ್ಲ. ಮೈಯೆಲ್ಲ ಕೆಂಪಾಗಿ ಚಳಿ ಹುಟ್ಟಿದರೆ, ಅಥವಾ ಜ್ವರದೊಡನೆ ಒಂದೇ ಗಾತ್ರದ ನೋಯುವ ಗುಳ್ಳೆಗಳು ಗುಂಪಾಗಿ ಎದ್ದು ಒಡೆದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದು ಹರ್ಪಿಸ್ ಸೋಂಕಿರಬಹುದು.

ಎರಡೂ ಪ್ಯಾಚ್ ಮೂಡಿದವನಲ್ಲಿ ಈಗಿನ ಉಲ್ಬಣ ಯಾವುದರದು? ಪರೀಕ್ಷೆ ಹಳೆಯ ಅಲರ್ಜಿಯನ್ನೂ ಇಂದಿನದನ್ನೂ ಬೇರ್ಪಡಿಸದು. ಅದನ್ನು ಬಗೆಹರಿಸಲು ಒಬ್ಬನನ್ನೇ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಬೇಕಾದೀತು.